ಅಕ್ಕಡಿ ಸಾಲಿನ ನೆಂಟರು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಐವತ್ತಕ್ಕೂ ಹೆಚ್ಚು ಎಕರೆಯಲ್ಲಿ ಹರಡಿದ ಮುದಿಮರಗಳ ತೋಪು ಅದು. ಬೊಡ್ಡೆ ಟೊಳ್ಳಾಗಿ ತಿರುಚಿಕೊಂಡಿದ್ದರೂ ಮರಗಳು ಚಿಗುರುವುದನ್ನು ಬಿಟ್ಟಿಲ್ಲ. ಚೋಳರ ಕಾಲದ ತೋಪು ಎಂಬ ಮಾತು ಊರಿನಲ್ಲಿದೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು; ದೇಶದಲ್ಲೇ ಇಂಥ ಮನ್ನಣೆ ಪಡೆದ ಮೊದಲ ಜಾಗ ಇದು. ಪಾರಂಪರಿಕ ಎಂದರೆ ಯಾರ ಪರಂಪರೆ ಎಂದು ಒಂದು ಕ್ಷಣ ಕೇಳಿಕೊಳ್ಳೋಣ. ಹುಣಸೆಯ ತವರು ಉಷ್ಣವಲಯದ ಆಫ್ರಿಕಾ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಅರಬರು ಅದನ್ನು ತಮರ್ ಹಿಂದಿ, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಆ ಹೆಸರೇ ರೂಪ ಬದಲಿಸಿಕೊಂಡು ಇಂಗ್ಲಿಷಿಗೂ ಹೋಯಿತು. ಬೇರು ಅಲ್ಲಿಯದು, ಹೆಸರು ಇಲ್ಲಿಯದು. ಹಾವೇರಿ ಜಿಲ್ಲೆಯ ಸವಣೂರಿನ ಕಲ್ಮಠದ ಆವರಣದಲ್ಲಿ ಮೂರು ದೈತ್ಯ ಬಾವೊಬಾಬ್ ಮರಗಳು ನಿಂತಿದ್ದವು, ಅವುಗಳಲ್ಲಿ ಒಂದು 2023ರ ಮಳೆಗೆ ಉರುಳಿತು. ಅವೂ ಆಫ್ರಿಕಾದ ಮರಗಳೇ. ಜನ ಅವನ್ನು ಕರೆಯುವುದು ದೊಡ್ಡ ಹುಣಸೆ ಎಂದು. ಆಫ್ರಿಕಾದಿಂದ ಬಂದ ಒಂದು ಮರಕ್ಕೆ ಅಲ್ಲಿಂದಲೇ ಬಂದ ಇನ್ನೊಂದರ ಹೆಸರನ್ನಿಟ್ಟು, ಎರಡನ್ನೂ ತನ್ನವೆಂದುಕೊಂಡು ಸುಮ್ಮನಿದೆ ಕನ್ನಡ.

ತೋಪಿನಿಂದ ಹೊಲಕ್ಕೆ ಬನ್ನಿ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳ ಖುಷ್ಕಿ ಹೊಲದಲ್ಲಿ ಹಳೆಯ ರೈತರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ, ನಡುನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ಅಲಸಂದೆ, ಹುಚ್ಚೆಳ್ಳು, ಹರಳು, ಒಂದಿಷ್ಟು ಜೋಳ. ಈ ಸಾಲುಗಳ ವಂಶಾವಳಿ ತೆಗೆದರೆ ಬೆರಗಾಗುತ್ತದೆ. ರಾಗಿಯನ್ನು ಮೊದಲು ಪಳಗಿಸಿದ್ದು ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನಾಡಿನ ಬೇಸಾಯಗಾರರು. ಜೋಳ, ಅಲಸಂದೆ, ಹರಳು ಆಫ್ರಿಕಾದವೇ. ಹುಚ್ಚೆಳ್ಳಿನ ಶಾಸ್ತ್ರೀಯ ಹೆಸರಿನಲ್ಲೇ ಅಬಿಸೀನಿಯಾ ಸೇರಿಕೊಂಡಿದೆ. ಅವರೆಯ ಕಾಡುಬಳಗ ಇಂದಿಗೂ ಹೆಚ್ಚಾಗಿ ಸಿಗುವುದು ಪೂರ್ವ ಆಫ್ರಿಕಾದಲ್ಲಿ. ರಾಗಿಮುದ್ದೆ, ಅವರೆಕಾಳಿನ ಸಾರು, ಅದಕ್ಕೆ ಹಿಂಡಿದ ಹುಣಸೆಹುಳಿ, ಪಕ್ಕದಲ್ಲಿ ಹುಚ್ಚೆಳ್ಳಿನ ಚಟ್ನಿ: ನಮ್ಮೂರಿನ ಊಟವೆಂದು ಎದೆಯುಬ್ಬಿಸಿ ಹೇಳುವ ಈ ತಟ್ಟೆಯಲ್ಲಿ ಸಮುದ್ರ ದಾಟಿ ಬಾರದವು ಉಪ್ಪು, ಬೆಳ್ಳುಳ್ಳಿಯಂಥ ಕೆಲವೇ. ಮೆಣಸಿನಕಾಯಿ ಅಮೆರಿಕದ್ದು, ಅದರ ಮಾತು ಬೇರೆ. ಈ ನೆಂಟಸ್ತಿಕೆ ಸಾವಿರಾರು ವರ್ಷಗಳ ಹಿಂದೆ ಮುಗಿದು ಹೋದದ್ದೂ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುವ ವಿಜ್ಞಾನಿ, ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಹೊಸ ತಳಿಗಳನ್ನು ತೆಗೆದರು. ಅವುಗಳ ಹೆಸರು ಇಂಡಾಫ್. ಇಂಡಿಯಾದ ಮೊದಲರ್ಧ, ಆಫ್ರಿಕಾದ ಮೊದಲರ್ಧ. ಆಮೇಲೆ ಬಂದ, ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ತಳಿಯ ತಾಯಿತಂದೆಗಳ ಪಟ್ಟಿಯಲ್ಲೂ ಎರಡು ಇಂಡಾಫ್‌ಗಳಿವೆ. ಬಿತ್ತನೆ ಬೀಜದ ಚೀಲ ಹೊತ್ತು ಮನೆಗೆ ಬರುವ ನೆಲಮಂಗಲದ ರೈತ ಎರಡು ಖಂಡಗಳ ಸಂಬಂಧವನ್ನೇ ಹೊತ್ತು ತರುತ್ತಿರುತ್ತಾನೆ.

ಇಷ್ಟು ಪೀಠಿಕೆ ಏಕೆಂದರೆ, ಕೇಳುಗರೇ, ಇಂದು ಮಾತಾಡಬೇಕಾದ ವಿಷಯ ಹೊರನೋಟಕ್ಕೆ ನಮ್ಮ ಜಿಲ್ಲೆಗೆ ಬಹಳ ದೂರದ್ದಾಗಿ ಕಾಣುತ್ತದೆ. ಇಂಗ್ಲೆಂಡಿನ ಊರುಗಳಲ್ಲಿ ಅಕ್ಟೋಬರ್ ಬಂತೆಂದರೆ ಕಪ್ಪು ಜನರ ಪರಂಪರೆಯ ದಿನಗಳು ನಡೆಯುತ್ತವೆ. ಗ್ರಂಥಾಲಯದಲ್ಲೋ ವಸ್ತುಸಂಗ್ರಹಾಲಯದಲ್ಲೋ ಇಡೀ ಮನೆಮಂದಿ ಸೇರುತ್ತಾರೆ. ಮಕ್ಕಳು ಚರ್ಮವಾದ್ಯ ಬಡಿಯುತ್ತಾರೆ, ಅಜ್ಜಿಯರು ಕತೆ ಹೇಳುತ್ತಾರೆ, ಒಂದು ಮೇಜಿನ ಮೇಲೆ ಬಟ್ಟೆಗೆ ಬಣ್ಣ ಹಾಕುವ ಕೆಲಸ, ಇನ್ನೊಂದರ ಮೇಲೆ ಊಟ. ಒಂದು ಸಮುದಾಯದ ನೆನಪನ್ನು ಊರೆಲ್ಲ ಹಂಚಿಕೊಳ್ಳುವ ಏರ್ಪಾಟು ಅದು. ಇಂಥದೊಂದು ದಿನ ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ನಡೆಯಬೇಕೇ, ನಡೆದರೆ ಹೇಗಿರಬೇಕು? ನಡೆಯಬೇಕು ಎಂಬುದು ನನ್ನ ವಾದ. ಆದರೆ ದೂರದಿಂದ ಬಂದ ಅತಿಥಿಗೆ ಹಾರ ಹಾಕಿ, ಕಾಫಿ ಕೊಟ್ಟು ಕಳಿಸುವ ರೀತಿಯಲ್ಲಿ ಅಲ್ಲ. ಹಳೆಯ ನೆಂಟಸ್ತಿಕೆಯೊಂದನ್ನು ಮರೆತಿದ್ದೆವು, ಈಗ ಲೆಕ್ಕ ಸರಿಮಾಡುತ್ತಿದ್ದೇವೆ ಎನ್ನುವ ರೀತಿಯಲ್ಲಿ. ಅತಿಥಿಗೆ ನಾವು ಕೊಡುವುದು ಉಪಚಾರ, ನೆಂಟನಿಗೆ ಕೊಡಬೇಕಾದದ್ದು ಪಾಲು. ಒಂದು ದಿನದ ಕಾರ್ಯಕ್ರಮವನ್ನು ಹೇಗೆ ಕಟ್ಟಬೇಕು ಎಂಬಂಥ ಸಣ್ಣ ವಿಷಯದಲ್ಲೂ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕರ್ನಾಟಕದಲ್ಲಿ ಈ ಪರಂಪರೆಯನ್ನು ಬದುಕುತ್ತಿರುವವರು ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿಗಳ ಕಾಡಂಚಿನಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವು ಊರುಗಳಲ್ಲಿ ಇವರ ವಾಸ. ಹತ್ತು ಸಾವಿರದ ಆಸುಪಾಸಿನ ಜನ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದ ಕರಾವಳಿಯಿಂದ ಗುಲಾಮರಾಗಿ ಗೋವೆಗೆ ಬಂದವರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದರು ಎಂಬುದು ಇವರ ಚರಿತ್ರೆಯ ಮುಖ್ಯ ಎಳೆ. ದಖ್ಖನಿನ ಸುಲ್ತಾನರ ಸೇನೆಗಳಿಂದ ಚದುರಿ ಬಂದವರೂ ಸೇರಿದ್ದಾರೆ. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಕೆಲವು ಕಡೆ ಮರಾಠಿ, ಉರ್ದು. ತಲೆಮಾರುಗಳಿಂದ ಅಡಕೆ ತೋಟಗಳ ಕೂಲಿ, ಕಾಡಿನ ಕೆಲಸ. ಡಮಾಮಿ ಎಂಬ ವಾದ್ಯ, ಅದರ ಸುತ್ತ ಕುಣಿತ, ಹೆಂಗಸರ ಫುಗಡಿ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಸೇರಿಸಿ ಹೊಲಿಯುವ ಕವದಿಗೆ ಇವರು ಕವಂದ್ ಎನ್ನುತ್ತಾರೆ. ಅದರ ನಾಲ್ಕು ಮೂಲೆಗೆ ಫೂಲ ಎಂಬ ಮಡಿಕೆಯ ತ್ರಿಕೋನ ಇಡದಿದ್ದರೆ ಕವದಿ ಬೆತ್ತಲೆಯಾದಂತೆ ಎಂಬ ಭಾವನೆ ಹೊಲಿಯುವ ಹೆಂಗಸರಲ್ಲಿದೆ. ಈ ಕವದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹಾರ್ಲೆಮ್ ತಲುಪಿದ ಕವದಿ ದೊಡ್ಡಬಳ್ಳಾಪುರಕ್ಕೆ ಬಂದಿಲ್ಲ. ನೇಕಾರರ ಊರು ಇದು, ಮಗ್ಗದ ಸದ್ದಿಲ್ಲದ ಬೀದಿಯನ್ನು ಇಲ್ಲಿ ಹುಡುಕಬೇಕು. ಬಟ್ಟೆಯ ಮಾತು ಇಲ್ಲಿ ಅರ್ಥವಾದಷ್ಟು ಇನ್ನೆಲ್ಲಿ ಅರ್ಥವಾದೀತು?

ಸಿದ್ದಿಗಳು ಇರುವುದು ಇಲ್ಲಿಂದ ಸುಮಾರು 400 ಕಿಲೋಮೀಟರ್ ಆಚೆ, ಅವರಿಗೂ ನಮ್ಮ ನೆಲಕ್ಕೂ ಏನು ಸಂಬಂಧ ಎಂದು ಕೇಳುವವರು ಚರಿತ್ರೆಯ ಒಂದು ಪುಟ ತಿರುವಬೇಕು. ದಖ್ಖನಿನಲ್ಲಿ ಹಬಶಿಗಳೆಂದು ಕರೆಸಿಕೊಂಡ ಆಫ್ರಿಕನ್ನರು ಬರೀ ಗುಲಾಮರಾಗಿ ಉಳಿಯಲಿಲ್ಲ. ಬಿಜಾಪುರದಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್‌ರಂಥ ಹಬಶಿ ಸರದಾರರು ರಾಜ್ಯದ ಚುಕ್ಕಾಣಿ ಹಿಡಿದಿದ್ದರು. ಇಬ್ರಾಹಿಂ ರೋಜಾ ಎಂಬ ಆ ಸೊಗಸಾದ ಕಟ್ಟಡದ ಜೊತೆ ಮಲಿಕ್ ಸಂದಲ್ ಎಂಬ ಹಬಶಿಯ ಹೆಸರು ಸೇರಿದೆ. ಎಲ್ಲರಿಗಿಂತ ದೊಡ್ಡ ಹೆಸರು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, ಸಾಯುವ 1626ರವರೆಗೂ ಮೊಗಲರ ದೊಡ್ಡ ಸೇನೆಗಳನ್ನು ಗುಡ್ಡಗಾಡಿನ ದಾಳಿಗಳಿಂದ ಸುಸ್ತುಮಾಡಿದ ಮನುಷ್ಯ. 1624ರಲ್ಲಿ ಭಾತವಡಿಯ ಕಾಳಗದಲ್ಲಿ ಆತ ಮೊಗಲ ಮತ್ತು ಬಿಜಾಪುರದ ಕೂಡುಸೇನೆಯನ್ನು ಸೋಲಿಸಿದಾಗ ಅವನ ಪಕ್ಷದಲ್ಲಿ ಹೋರಾಡಿದ ತರುಣ ಸರದಾರರಲ್ಲಿ ಶಹಾಜಿ ಭೋಸಲೆಯೂ ಒಬ್ಬ. ಮುಂದೆ ಬಿಜಾಪುರದ ಸೇವೆಗೆ ಸೇರಿದ ಇದೇ ಶಹಾಜಿಗೆ 1638ರ ದಂಡಯಾತ್ರೆಯ ನಂತರ ಜಹಗೀರಾಗಿ ಬಂದದ್ದು ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ. ಒಬ್ಬ ಹಬಶಿಯ ಕೈಕೆಳಗೆ ಯುದ್ಧ ಕಂಡವನು ನಮ್ಮ ಎರಡು ತಾಲ್ಲೂಕುಗಳ ಒಡೆಯನಾಗಿದ್ದ. ಇದರಿಂದ ಹೊಸಕೋಟೆಯಲ್ಲಿ ಆಫ್ರಿಕನ್ನರು ನೆಲೆಸಿದ್ದರು ಎಂದು ಹೇಳಲಾಗದು, ನಾನು ಹಾಗೆ ಹೇಳುತ್ತಲೂ ಇಲ್ಲ. ಇಲ್ಲಿನ ಹದಿನೇಳನೆಯ ಶತಮಾನದ ಕತೆಯನ್ನು ಅವರ ಹೆಸರು ಬಿಟ್ಟು ಪೂರ್ತಿ ಹೇಳಲು ಬರುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೆ. ಶಾಲೆಯ ಮಕ್ಕಳಿಗೆ ಶಹಾಜಿ ಗೊತ್ತು, ಅಂಬರ್ ಗೊತ್ತಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಕಾಳು ಬೇರೆ, ಮನುಷ್ಯ ಬೇರೆ. ರಾಗಿಯನ್ನು ತಂದವರು ಸಿದ್ದಿಗಳಲ್ಲ. ರಾಗಿ ಬಂದು ಸಾವಿರಾರು ವರ್ಷಗಳಾದ ಮೇಲೆ ಸಿದ್ದಿಗಳು ಬಂದರು. ಹುಣಸೆಯ ಕತೆ ಹೇಳಿ ಮನುಷ್ಯರ ನೆಂಟಸ್ತಿಕೆ ಸಾಧಿಸುವುದು ಮಾತಿನ ಚಮತ್ಕಾರವಲ್ಲವೇ? ಒಪ್ಪುತ್ತೇನೆ, ಇವೆರಡಕ್ಕೂ ರಕ್ತಸಂಬಂಧವಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಮ್ಮ ಬಗ್ಗೆಯೇ ಒಂದು ಸಂಗತಿ ಹೊರಬೀಳುತ್ತದೆ. ಹೊರಗಿನದನ್ನು ಒಳಗಿನದನ್ನಾಗಿ ಮಾಡಿಕೊಳ್ಳುವ ಶಕ್ತಿ ಈ ನಾಡಿಗೆ ಧಾರಾಳವಾಗಿದೆ, ಅದನ್ನು ಕಾಳಿಗೆ, ಮರಕ್ಕೆ, ಬಾಬಾ ಬುಡನ್ ತಂದರೆಂಬ ಕಾಫಿಬೀಜಕ್ಕೆ ಕೈಬಿಚ್ಚಿ ಕೊಟ್ಟಿದ್ದೇವೆ. ಮನುಷ್ಯರಿಗೆ ಕೊಡುವಾಗ ಕೈ ಬಿಗಿಹಿಡಿದಿದ್ದೇವೆ. ನಾಲ್ಕು ಶತಮಾನ ಇಲ್ಲಿ ದುಡಿದ ಸಿದ್ದಿಯನ್ನು ಬೆಂಗಳೂರಿನ ಬಸ್ಸಿನಲ್ಲಿ ಇಂದಿಗೂ ಯಾವ ದೇಶ ಎಂದು ಕೇಳುತ್ತಾರೆ. ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ, ಚೆನ್ನಾಗಿ ಕಲಿತಿದ್ದೀರಿ ಎಂದು ಹೊಗಳುತ್ತಾರೆ! ರಾಗಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಅದಕ್ಕೂ ಒಂದು ಕಾಲದಲ್ಲಿ ಅವಮಾನ ತಪ್ಪಿರಲಿಲ್ಲ ಎನ್ನಿ. ಕನಕದಾಸರ ರಾಮಧಾನ್ಯ ಚರಿತೆಯ ಕಥಾವಸ್ತುವೇ ಅದು: ಬಿಳಿಯ ನೆಲ್ಲು ಕಪ್ಪಗಿನ ರಾಗಿಯನ್ನು ಹಳಿಯುತ್ತದೆ, ಜಗಳ ರಾಮನ ಸಭೆಗೆ ಬರುತ್ತದೆ, ಆತ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಸೆರೆಯಿಂದ ಗಟ್ಟಿಯಾಗಿ ಹೊರಬರುವುದು ರಾಗಿ. ಹದಿನಾರನೆಯ ಶತಮಾನದಲ್ಲೇ ಕನ್ನಡದ ಒಬ್ಬ ಕವಿ ಬಣ್ಣದ ಮೇಲಿನ ತಿರಸ್ಕಾರವನ್ನು ವಿಚಾರಣೆಗೆ ನಿಲ್ಲಿಸಿದ್ದರು. ಈ ದಿನಾಚರಣೆಗೆ ಬೇಕಾದ ತರ್ಕವನ್ನು ಲಂಡನ್ನಿನಿಂದ ಎರವಲು ತರುವ ಅಗತ್ಯ ನನಗೆ ಕಾಣುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಸಿದ್ದಿಗಳು ಕನ್ನಡಿಗರು, ಅವರನ್ನು ಆಫ್ರಿಕಾದ ಹೆಸರಿನಲ್ಲಿ ವೇದಿಕೆ ಹತ್ತಿಸಿದರೆ ಮತ್ತೆ ಹೊರಗಿನವರನ್ನಾಗಿ ಮಾಡಿದಂತಲ್ಲವೇ, ಬಣ್ಣ ಮರೆಯಬೇಕಾದ ಕಡೆ ಬಣ್ಣವನ್ನೇ ಎತ್ತಿ ತೋರಿಸಿದಂತಲ್ಲವೇ? ಈ ಭಯಕ್ಕೆ ಆಧಾರವಿದೆ, ಅದನ್ನು ಒಂದು ಸರ್ಕಾರಿ ಯೋಜನೆಯ ಕತೆಯಲ್ಲೇ ಕಾಣಬಹುದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಹಾಕಿತು. ಆಫ್ರಿಕನ್ ಮೂಲದವರಾದ್ದರಿಂದ ಹುಟ್ಟಾ ಓಟಗಾರರು, ಒಲಿಂಪಿಕ್ಸ್ ಪದಕ ತರುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಕಾಡಂಚಿನ ಊರುಗಳಿಗೆ ಹಿಂತಿರುಗಿದರು. ಆಗ ಸಿದ್ದಿಗಳು ಬೇಕಾಗಿದ್ದದ್ದು ಅವರ ಕಾಲುಗಳಿಗಾಗಿ. ಭೂಮಿಯ ಹಕ್ಕು, ಓದು, ಪಟ್ಟಿಯಲ್ಲಿ ಹೆಸರು ಇವುಗಳ ಮಾತು ಬಂದಾಗ ಅದೇ ಆತುರ ಕಾಣಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಜಿಲ್ಲೆಯ ಗಡಿ ದಾಟಿದರೆ ಸಿಗುವ ಧಾರವಾಡ, ಬೆಳಗಾವಿಯ ಸಿದ್ದಿಗಳು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹೀಗೆ ಹೊರಗಿನವರು ಹಚ್ಚುವ ಆಫ್ರಿಕಾ ಒಂದಿದೆ. ಅದನ್ನು ಹಚ್ಚುವುದು ಬೇಡವೇ ಬೇಡ.

ಆದರೆ ಸಿದ್ದಿಗಳು ತಾವಾಗಿ ಕೈಗೆತ್ತಿಕೊಂಡ ಆಫ್ರಿಕಾವೂ ಒಂದಿದೆ, ಆಕ್ಷೇಪ ಹೇಳುವವರು ಮರೆಯುವುದು ಇದನ್ನು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚಿಕೇರಿಯ ಸೀಮೆಯ ಸಿದ್ದಿಗಳ ನಡುವೆ ನಾಟಕದ ಕೆಲಸ ಆರಂಭಿಸಿದಾಗ ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ರಂಗಕ್ಕೆ ಬಂದದ್ದು ನೈಜೀರಿಯಾದ ಚಿನುವ ಅಚಿಬೆಯ 1958ರ ಕಾದಂಬರಿಯ ರೂಪಾಂತರ. ಬಿಳಿಯರು ಬಂದು ಊರೊಂದರ ಬದುಕು ಒಡೆದುಹೋಗುವ ಆ ಕತೆಯನ್ನು ಯಲ್ಲಾಪುರದ ಸಿದ್ದಿಗಳು ಕನ್ನಡದಲ್ಲಿ ಆಡಿದರು. ಅಲ್ಲಿ ಆಫ್ರಿಕಾ ಅವರ ಮೇಲೆ ಬಿದ್ದ ಮುದ್ರೆಯಾಗಿರಲಿಲ್ಲ, ಅವರು ಓದಿ, ಅರ್ಥಮಾಡಿಕೊಂಡು, ಅಭಿನಯಿಸಿದ ಪಠ್ಯವಾಗಿತ್ತು. ಆ ರಂಗದ ನಂಟು ಮುಂದುವರಿದು ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರಂಥ ಕಲಾವಿದರು ನೀನಾಸಂನಲ್ಲಿ ಕಲಿತು ಬಂದರು. ಪ್ರಶಾಂತ್ ಅವರನ್ನು ಸಿನಿಮಾ ನೋಡುವವರೆಲ್ಲ ಬಲ್ಲರು. 2021ರಲ್ಲಿ ಬಂದ ಸಲಗ ಚಿತ್ರದಲ್ಲಿ ಸಿದ್ದಿ ಕಲಾವಿದರು ಹಾಡಿದ ಹಾಡಿಗೆ ಗಣಪತಿ ಪೆಂಡಾಲುಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ಕುಣಿದವರೆಷ್ಟೋ. ಅದು ಯಾರ ಕೊರಳು ಎಂದು ಕೇಳಿದವರು ಎಷ್ಟು? 2020ರಲ್ಲಿ ಶಾಂತಾರಾಮ ಬುಡ್ನಾ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಸಿದ್ದಿ ಸಮುದಾಯದ ಪ್ರತಿನಿಧಿಯೊಬ್ಬರು ಮೊದಲ ಬಾರಿಗೆ ಆ ಸದನದಲ್ಲಿ ಕುಳಿತರು. ಆದ್ದರಿಂದ ಕನ್ನಡಿಗರೋ ಆಫ್ರಿಕನ್ನರೋ ಎಂದು ಒಂದನ್ನು ಆರಿಸಿಕೊಳ್ಳಿ ಎನ್ನುವುದೇ ತಪ್ಪು ಪ್ರಶ್ನೆ. ದೊಡ್ಡಬಳ್ಳಾಪುರದ ನೇಕಾರ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಉರ್ದು ಮಾತಾಡುತ್ತಾರೆ, ಅವರ ಕನ್ನಡತನಕ್ಕೆ ಅದು ಕೊರತೆಯಾಗಿಲ್ಲ. ಒಬ್ಬರಿಗೆ ಎರಡು ತವರಿರಬಹುದು. ವೇದಿಕೆಯಲ್ಲಿ ತಮ್ಮನ್ನು ಯಾವ ಹೆಸರಿನಿಂದ ಪರಿಚಯಿಸಬೇಕು ಎಂಬುದನ್ನು ಬಂದವರೇ ಹೇಳಲಿ, ನಿರೂಪಕರು ಬಾಯಿಗೆ ಬಂದದ್ದನ್ನು ಹೇಳುವುದು ಬೇಡ. ಸೊಂಟಕ್ಕೆ ಎಲೆ ಸುತ್ತಿಕೊಂಡೇ ಬನ್ನಿ ಎಂದು ಕೇಳುವ ಆಯೋಜಕರು, ತಮ್ಮ ಅಜ್ಜನ ಉಡುಪಿನಲ್ಲಿ ತಾವು ವೇದಿಕೆ ಹತ್ತುವರೇ ಎಂದು ಮೊದಲು ಯೋಚಿಸಲಿ.

ಒಂದು ದಿನದಿಂದ ಏನಾಗುತ್ತದೆ ಎನ್ನುವವರಿಗೂ ಉತ್ತರ ಹೇಳಬೇಕು. ಅಮೆರಿಕದಲ್ಲಿ ಈ ಬಗೆಯ ಆಚರಣೆಗೆ ಅಡಿಪಾಯ ಹಾಕಿದವರು ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು. ಅವರ ತಂದೆತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವರು. 1926ರ ಫೆಬ್ರುವರಿಯಲ್ಲಿ ಅವರು ಒಂದು ವಾರದ ಆಚರಣೆ ಶುರುಮಾಡಿದರು, 1976ರ ಹೊತ್ತಿಗೆ ಅದು ತಿಂಗಳಾಯಿತು. ಒಂದು ವಾರಕ್ಕೆ ಚರಿತ್ರೆಯನ್ನು ಕಟ್ಟಿಹಾಕುವುದು ವುಡ್ಸನ್‌ರ ಉದ್ದೇಶವಾಗಿರಲಿಲ್ಲ. ವರ್ಷವಿಡೀ ಶಾಲೆಯಲ್ಲಿ ಕಲಿತದ್ದನ್ನು ತೋರಿಸುವ ಸಂದರ್ಭ ಅದಾಗಬೇಕು, ಕೊನೆಗೊಂದು ದಿನ ಇಂಥ ವಾರವೇ ಬೇಡವಾಗಬೇಕು ಎಂದು ಅವರು ಬಯಸಿದ್ದರು. ಅದಕ್ಕಾಗಿ ಶಿಕ್ಷಕರಿಗೆ ಚಿತ್ರಪಟ, ಪಾಠ, ಕಿರುಪುಸ್ತಕ ಕಳಿಸುತ್ತಿದ್ದರು. ನಮ್ಮ ಉತ್ಸವಗಳಲ್ಲಿ ಆಗುವುದು ಇದರ ತಿರುವು ಮುರುವು. ಜಾನಪದ ಜಾತ್ರೆಯ ಮೆರವಣಿಗೆಯಲ್ಲಿ ವೀರಗಾಸೆ, ಪೂಜಾಕುಣಿತ, ಕಂಸಾಳೆಗಳ ನಡುವೆ ಡಮಾಮಿಗೂ ಹತ್ತು ನಿಮಿಷ. ಹಿಂದೆ ಪಾಠವಿಲ್ಲ, ಮುಂದೆ ಮಾತಿಲ್ಲ. ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಜನ ಮನೆಗೆ ಹೋಗುತ್ತಾರೆ. ಇದನ್ನೇ ಇನ್ನೊಮ್ಮೆ ಮಾಡುವುದಾದರೆ ಆಕ್ಷೇಪಿಸುವವರ ಪಕ್ಷಕ್ಕೆ ನಾನೂ ಸೇರುತ್ತೇನೆ.

ಮನೆಮಂದಿಯೇ ಸೇರುವ ದಿನ ಏಕೆ, ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ಸಾಲದೇ? ಸಾಲದು. ಬಣ್ಣದ ಪಾಠ ನಡೆಯುವುದು ಮನೆಯಲ್ಲಿ. ಹುಟ್ಟಿದ ಕೂಸಿನ ಕಿವಿಯ ತುದಿ ನೋಡಿ ಮುಂದೆ ಬಣ್ಣ ಹೇಗಾಗುತ್ತದೆಂದು ಭವಿಷ್ಯ ಹೇಳುವುದು, ಹೆಣ್ಣು ನೋಡಲು ಹೋಗಿ ಬಂದು ಎಣ್ಣೆಗೆಂಪು ಎಂದು ನಯವಾಗಿ ತಗ್ಗಿಸುವುದು, ಮಗುವಿಗೆ ಕೋಪ ಬಂದಾಗ ಕರಿಯಾ ಎಂದು ಬೈಯುವುದು ಸಂಕಿರಣಕ್ಕೆ ಬರುವ ವಿಷಯಗಳಲ್ಲ. ವಿಚಿತ್ರವೆಂದರೆ ಅದೇ ಮನೆಯ ದೇವರು ಕರಿಯಮ್ಮ, ಅಜ್ಜನ ಹೆಸರು ಕರಿಯಪ್ಪ, ಕೊರಳಲ್ಲಿ ಕರಿಮಣಿ, ಗದ್ದುಗೆಗೆ ಹಾಸುವುದು ಕರಿಯ ಕಂಬಳಿ. ದೇವರಿಗೆ ಸಲ್ಲುವ ಕಪ್ಪು ಸೊಸೆಗೆ ಸಲ್ಲುವುದಿಲ್ಲ. ಈ ಪಾಠ ಬೀದಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ನೆಲಮಂಗಲಕ್ಕೆ ದೂರವಲ್ಲದ ಸೋಲದೇವನಹಳ್ಳಿ ಸಾಕ್ಷಿಯಾಯಿತು. 2016ರ ಜನವರಿ 31ರ ರಾತ್ರಿ ಸೂಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರು. ಆ ಸಾವು, ಆ ಸಿಟ್ಟು ಎರಡೂ ನಿಜ. ಸುಮಾರು ಅರ್ಧ ಗಂಟೆಯ ನಂತರ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು, ಅವಳು ಬಂದ ಕಾರಿಗೆ ಬೆಂಕಿ ಬಿತ್ತು. ಸೂಡಾನಿನ ರಾಜಧಾನಿಯಿಂದ ದಾರ್ ಎಸ್ ಸಲಾಮ್‌ಗೆ ಇರುವ ದೂರ ಬೆಂಗಳೂರಿನಿಂದ ಕಠ್ಮಂಡುವಿಗೆ ಇರುವುದಕ್ಕಿಂತ ಹೆಚ್ಚು. ಗುಂಪಿನ ಕಣ್ಣಿಗೆ ಎರಡೂ ಒಂದೇ ಆದವು. ಡಮಾಮಿ ಕುಣಿತ ನಡೆಸಿದ್ದರೆ ಅಂದಿನ ಘಟನೆ ತಪ್ಪುತ್ತಿತ್ತು ಎಂದು ಹೇಳುವಷ್ಟು ಮುಗ್ಧತೆ ಯಾರಿಗೂ ಬೇಡ. ಅಂಥದ್ದನ್ನು ತಡೆಯಬೇಕಾದವರು ಪೊಲೀಸರು, ಶಿಕ್ಷಿಸಬೇಕಾದದ್ದು ನ್ಯಾಯಾಲಯ. ಆದರೆ ಎಲ್ಲ ಆಫ್ರಿಕನ್ನರೂ ಒಂದೇ ಮುಖ ಎಂಬ ಕುರುಡುತನ ಮನೆಯಲ್ಲಿ ಮುದ್ದೆಯಂತೆ ದಿನವೂ ಬೇಯುವಾಗ ಕಾನೂನು ತಡವಾಗಿಯೇ ಬರುತ್ತದೆ. ಆಫ್ರಿಕಾದಿಂದ ಓದಲು ಬರುವ ತರುಣ ತರುಣಿಯರು ವಿಮಾನದಿಂದ ಇಳಿದು ಮೊದಲು ಕಾಲಿಡುವುದು ದೇವನಹಳ್ಳಿಯ ನೆಲದ ಮೇಲೆ ಎಂಬುದನ್ನೂ ನೆನಪಿಡೋಣ.

ಹಾಗಾದರೆ ಆ ದಿನ ಹೇಗಿರಬೇಕು? ಕಾಲ ಮೊದಲು ಗೊತ್ತುಮಾಡೋಣ: ರಾಗಿ ಕೊಯ್ದು ಮೆದೆ ಹಾಕಿದ ಮೇಲೆ, ಅವರೆ ಸೊಗಡು ಬಿಡುವ ಮಾರ್ಗಶಿರ ಪುಷ್ಯದ ಹೊತ್ತು. ಘಾಟಿಯ ದನಗಳ ಜಾತ್ರೆಗೆ ಹೇಗೂ ಜನ ಹೊರಟಿರುವ ದಿನಗಳವು. ಅದಕ್ಕೆ ಎರಡು ತಿಂಗಳು ಮುಂಚೆಯೇ ತಾಲ್ಲೂಕಿನ ಶಾಲೆಗಳಿಗೆ ಪಾಠ ಹೋಗಿರಬೇಕು: ಅಂಬರ್‌ನ ಕತೆ, ಇಂಡಾಫ್‌ನ ಕತೆ, ಸಿದ್ದಿ ಮಕ್ಕಳು ತಾವೇ ಬರೆದ ತಮ್ಮೂರಿನ ಕತೆ. ಬೆಳಿಗ್ಗೆ ಕವದಿಯ ಕೆಲಸ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕತ್ತರಿಸಿ ಬಿಟ್ಟ ತುಂಡುಗಳು ಮೂಟೆಗಟ್ಟಲೆ ಸಿಗುತ್ತವೆ. ಯಲ್ಲಾಪುರದಿಂದ ಬಂದ ಹೆಂಗಸರು ಫೂಲ ಮಡಿಸುವುದನ್ನು ತೋರಿಸಲಿ, ಇಲ್ಲಿನವರು ತಮ್ಮ ಹೊಲಿಗೆ ತೋರಿಸಲಿ, ಹೊಲಿದದ್ದಕ್ಕೆ ಕೂಲಿ ಸಲ್ಲಲಿ. ಸಂಭಾವನೆಯ ಮಾತು ಮುಜುಗರದ್ದಲ್ಲ. ಸಿನಿಮಾ ಗಾಯಕರಿಗೆ ಲಕ್ಷಗಟ್ಟಲೆ ಕೊಟ್ಟು ಜಾನಪದ ತಂಡಕ್ಕೆ ಬಸ್ಸಿನ ಖರ್ಚು, ಒಂದು ಶಾಲು ಕೊಡುವ ರೂಢಿಯನ್ನು ಮುರಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಸುತ್ತಮುತ್ತ ಓದುತ್ತಿರುವ ಆಫ್ರಿಕಾದ ವಿದ್ಯಾರ್ಥಿಗಳನ್ನು ಕರೆಯಬೇಕು, ಕುಣಿಯುವುದಕ್ಕಲ್ಲ, ಊಟಕ್ಕೆ. ಇಥಿಯೋಪಿಯಾದ ಹುಡುಗಿಗೆ ಹುಚ್ಚೆಳ್ಳನ್ನು, ಉಗಾಂಡದ ಹುಡುಗನಿಗೆ ರಾಗಿಯನ್ನು ಪರಿಚಯಿಸಬೇಕಾಗಿಲ್ಲ. ಅವರ ಮನೆಯಲ್ಲಿ ಅವನ್ನು ಹೇಗೆ ಬೇಯಿಸುತ್ತಾರೆಂದು ಕೇಳಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ.

ಕುಣಿತ ಸಂಜೆಗಿರಲಿ, ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಮಧ್ಯಾಹ್ನ ಒಂದು ನಿದ್ದೆ ಸಿಗಬೇಕು. ಹತ್ತು ನಿಮಿಷದ ಗಡಿಯಾರ ಬೇಡ, ವೇದಿಕೆಯೂ ಬೇಡ, ಕಣದಂಥ ಬಯಲು ಸಾಕು. ಜೊತೆಗೆ ನಮ್ಮ ತಮಟೆಯವರಿರಲಿ. 2023ರ ಪದ್ಮಶ್ರೀ ಪಟ್ಟಿಯಲ್ಲಿ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರೂ ಗುಜರಾತಿನ ಸಿದ್ದಿ ಸಮುದಾಯದ ಸಮಾಜಸೇವಕಿ ಹೀರಾಬಾಯಿ ಲೋಬಿಯವರೂ ಇದ್ದರು. ಆ ವರ್ಷ ಎರಡು ಹೆಸರೂ ಒಂದೇ ಪತ್ರಿಕೆಯಲ್ಲಿ ಅಚ್ಚಾದವು, ಯಾರೂ ಕೂಡಿಸಿ ಓದಿದಂತೆ ಕಾಣಲಿಲ್ಲ. ತಮಟೆಯ ಚರ್ಮ ಚಳಿಗೆ ಸಡಿಲಾಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸಬೇಕು. ಡಮಾಮಿಗೂ ಚರ್ಮವೇ. ಪುಷ್ಯದ ಸಂಜೆಯ ಚಳಿಯಲ್ಲಿ ಒಂದಿಷ್ಟು ರಾಗಿಹುಲ್ಲಿಗೆ ಕಡ್ಡಿ ಗೀರಿ, ಎರಡು ತಂಡದವರೂ ಅದೇ ಬೆಂಕಿಯ ಸುತ್ತ ಕೂತು ವಾದ್ಯ ಕಾಯಿಸಲಿ. ನೋಡಲು ಬಂದ ಮಕ್ಕಳನ್ನು ದೂರ ನಿಲ್ಲಿಸದೆ, ಹುಲ್ಲು ತಂದು ಹಾಕುವ ಕೆಲಸವನ್ನು ಅವರಿಗೇ ಕೊಡಿ.